ಸಾಲು ಎಣಿಸುತ್ತಿದ್ದ ಅಕ್ಕ

ನಮ್ಮಕ್ಕನಿಗೆ ಓದಲು ಬರುತ್ತಿರಲಿಲ್ಲ, ಎಣಿಸಲು ಬರುತ್ತಿತ್ತು. ಅವಳು ಪದ ಕಟ್ಟಿ ಹೇಳುತ್ತಿದ್ದಳು, ನಾನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಹೇಳಿ ಮುಗಿದ ಮೇಲೆ ಪುಸ್ತಕ ಕಿತ್ತುಕೊಂಡು, ಮೊದಲ ಸಾಲಿನ ಎಡಕ್ಕೆ ಹೆಬ್ಬೆರಳು ಊರಿ, ಒಂದೊಂದೇ ಸಾಲು ಕೆಳಗಿಳಿಯುತ್ತಿದ್ದಳು. ತಾನು ಹೇಳಿದ್ದು ಇಪ್ಪತ್ತನಾಲ್ಕು ಸಾಲಾದರೆ ಹಾಳೆಯಲ್ಲೂ ಇಪ್ಪತ್ತನಾಲ್ಕು ಇರಬೇಕು. ಹೊಗೆಸೊಪ್ಪು ಕಟ್ಟಿ ಕಟ್ಟಿ ಅವಳ ಹೆಬ್ಬೆರಳಿಗೆ ಹತ್ತಿದ ಅಂಟು ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಹಾಗಾಗಿ ಪ್ರತಿ ಸಾಲಿನ ಪಕ್ಕ ಒಂದು ಕಂದು ಗುರುತು ಬೀಳುತ್ತಿತ್ತು. ಲೆಕ್ಕ ಸರಿಹೋದರೆ, "ಬರ್ಕಂಡ್ಯಲ್ಲಾ, ಇನ್ ನಾನು ಮರತೆ ಕಣ್ಲಾ" ಎನ್ನುತ್ತಿದ್ದಳು.

ಅದು ಬಾಯಿಮಾತಿಗೆ ಹೇಳಿದ್ದಲ್ಲ. ನಿಜವಾಗಿಯೂ ಮರೆಯುತ್ತಿದ್ದಳು. ಹಳೇ ಪದ ತಲೆಯಲ್ಲಿ ಕೂತಿದ್ದರೆ ಹೊಸ ಪದವೂ ಅದರ ದಾರಿಯಲ್ಲೇ ನಡೆಯುತ್ತದೆ ಎಂದು ಅವಳು ನಂಬಿದ್ದಳು. ಹಸು ಹೊಸ ಕರು ಹಾಕಿದ ಮೇಲೆ ಹಳೇ ಕರುವನ್ನು ಒದೆಯುತ್ತದಲ್ಲ, ಹಾಗೆ ಒದೆಯಬೇಕು ಎನ್ನುತ್ತಿದ್ದಳು. ಬರೆಸಿ ಮುಗಿಸಿದ ಪದವನ್ನು ಯಾರಾದರೂ ಎದುರಿಗೆ ಗುನುಗಿದರೆ ಕಿವಿ ಮುಚ್ಚಿಕೊಂಡು ಎದ್ದುಹೋಗುತ್ತಿದ್ದಳು. ಓದಿ ಹೇಳು ಎಂದು ನನ್ನನ್ನು ಒಂದು ದಿನವೂ ಕೇಳಲಿಲ್ಲ. ಪುಸ್ತಕವಿದೆ ಎಂಬ ಧೈರ್ಯದ ಮೇಲೆ ಮೂವತ್ತು ವರ್ಷ ಮರೆತಳು.

ಈಗ ಹಾಸನದ ಕಾಲೇಜಿನ ಮೇಡಂ ಒಬ್ಬರು ಅಕ್ಕನ ಪದಗಳನ್ನು ಅಚ್ಚು ಹಾಕಿಸುತ್ತಿದ್ದಾರೆ. ಪುಸ್ತಕದ ಮೊದಲಿಗೆ ಅವಳು ಹೇಗಿದ್ದಳು ಎಂದು ನಾಲ್ಕು ಪುಟ ಬರೆದುಕೊಡಿ ಎಂದರು. ನಾನು ಓದಿರುವುದು ನಾಲ್ಕನೇ ಕ್ಲಾಸು. ಅರಕಲಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಪ್ರೈವೇಟ್ ಬಸ್ಸುಗಳಿಗೆ ಜನ ಕೂಗಿ ಹತ್ತಿಸುವುದು ನನ್ನ ಕೆಲಸ. ನನಗೆ ಬರೆಯಲು ಬರುವುದಿಲ್ಲ ಎಂದೆ. ಮಾತಾಡಿದ ಹಾಗೆ ಬರೆಯಿರಿ, ತಪ್ಪುಗಳನ್ನು ನಾನು ತಿದ್ದುತ್ತೇನೆ ಎಂದರು. ಅಕ್ಷರದ ತಪ್ಪು ಅವರು ತಿದ್ದಿದ್ದಾರೆ. ಇನ್ನೊಂದು ತಪ್ಪನ್ನು ತಿದ್ದಲು ಯಾರಿಗೂ ಆಗುವುದಿಲ್ಲ. ಅಕ್ಕನ ಪೆಟ್ಟಿಗೆಯಲ್ಲಿದ್ದದ್ದು ಹನ್ನೊಂದು ಪುಸ್ತಕ. ಅದರಲ್ಲಿ ಎರಡರಲ್ಲಿ ಮಾತ್ರ ಅವಳ ಪದಗಳಿವೆ. ಉಳಿದ ಒಂಬತ್ತರಲ್ಲಿ ನಾನು ಸುಳ್ಳು ಬರೆದೆ.

ನಮ್ಮೂರು ಮಲ್ಲಿಪಟ್ಟಣದಿಂದ ಒಳಗೆ. ಅಕ್ಕನನ್ನು ಕೊಟ್ಟಿದ್ದು ದುದ್ದದ ಕಡೆಗೆ. ಮದುವೆಯಾದ ಆರನೇ ವರ್ಷಕ್ಕೆ ಭಾವ ತೆಂಗಿನಮರದಿಂದ ಬಿದ್ದು ಸತ್ತ. ಹೆಣವನ್ನು ಜಗಲಿಯ ಮೇಲೆ ಮಲಗಿಸಿದ್ದರು. ಭಾವನ ದೊಡ್ಡವ್ವ ಎದೆ ಬಡಿದುಕೊಂಡು ಹಾಡಿಕೊಂಡು ಅಳುತ್ತಿದ್ದಳು. ನೀನು ನೀರು ಕಟ್ಟಿದ ಬಾಳೆಯ ತೋಟ ಬಾಡಿಹೋಯಿತಲ್ಲೋ ಮಗನೇ ಎಂದು ರಾಗ ಎಳೆದಳು. ಪಕ್ಕದಲ್ಲಿ ತಲೆ ಕೆದರಿಕೊಂಡು ಬಿದ್ದಿದ್ದ ಅಕ್ಕ ಅಳು ನಿಲ್ಲಿಸಿ ತಲೆ ಎತ್ತಿದಳು.

"ದೊಡ್ಡವ್ವ, ಬಾಳೆ ತ್ವಾಟ ಎಲ್ಲೈತೆ ನಮಗೆ? ತೆಂಗು ಅನ್ನು."

ಅಕ್ಕ ಮತ್ತೆ ಗಂಡನ ಕಾಲಿನ ಮೇಲೆ ಬಿದ್ದು ಅಳತೊಡಗಿದಳು. ಆ ಮಾತು ಊರೆಲ್ಲ ಸುತ್ತಿತು. ಗಂಡನ ಹೆಣದ ಮುಂದೆ ಪದ ತಿದ್ದಿದವಳು ಎಂದು ಹೆಸರಾಯಿತು. ಮೂರು ತಿಂಗಳಿಗೆ ಅವಳ ಸೀರೆಗಳನ್ನು ಗಂಟು ಕಟ್ಟಿ ಮೈದುನ ನಮ್ಮ ಮನೆಯ ಬಾಗಿಲಿಗೆ ತಂದಿಟ್ಟ. ನಾನು ಒಂದು ಸಲ ಕೇಳಿದೆ, ಅಂಥ ಹೊತ್ತಿನಲ್ಲಿ ಅದು ಬೇಕಿತ್ತಾ ಎಂದು. ಅವನು ಸತ್ತದ್ದು ತೆಂಗಿನಮರದಿಂದ, ಬಾಳೆ ಎಂದು ಅತ್ತರೆ ಅವನಿಗೆ ಹೇಗೆ ತಲುಪುತ್ತದೆ ಎಂದಳು. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ.

ವಾಪಸ್ ಬಂದವಳು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಕೂಲಿಗೆ ಸೇರಿದಳು. ಹಸಿ ಎಲೆಗಳನ್ನು ಉದ್ದನೆಯ ಕಡ್ಡಿಗೆ ದಾರದಲ್ಲಿ ಕಟ್ಟುವ ಕೆಲಸ. ಹನ್ನೆರಡು ಹೆಂಗಸರು ಸಾಲಾಗಿ ಕೂತು ಕಟ್ಟುತ್ತಿದ್ದರು. ಅಕ್ಕ ಅಲ್ಲೇ ಪದ ಕಟ್ಟಿದಳು. ಒಂದು ಸಾಲು ಹೊಳೆದರೆ ಗಟ್ಟಿಯಾಗಿ ಹೇಳುತ್ತಿದ್ದಳು, ಹನ್ನೊಂದು ಜನ ತಿರುಗಿ ಹೇಳಬೇಕು. ಮೂರನೇ ಸಲಕ್ಕೆ ಯಾರ ಬಾಯಿಯೂ ತಡವರಿಸಬಾರದು. ಒಬ್ಬಳು ಎಡವಿದರೂ ಆ ಸಾಲು ಹೋಯಿತು. ಎಂಟು ದಿನ ಕೂತು ಕಟ್ಟಿದ ಸಾಲನ್ನೂ ಹಾಗೆ ಬಿಸಾಕಿದ್ದನ್ನು ನೋಡಿದ್ದೇನೆ. ಎಡವಿದವಳು ತಪ್ಪಾಯಿತು ಎಂದರೆ, "ನಿನ್ ಬಾಯಿ ಸರ್ಯಾಗೇ ಐತೆ ಕಣವ್ವ, ದಾರೀಲಿ ಕಲ್ಲಿಟ್ಟೋಳು ನಾನು" ಎನ್ನುತ್ತಿದ್ದಳು. ಹೊರಗಿನವರ ಮೇಲೆ ಅವಳಿಗೆ ಇದ್ದ ತಾಳ್ಮೆ ಅಷ್ಟು. ಅದು ಮನೆಗೆ ಬರುತ್ತಿರಲಿಲ್ಲ.

ಮೊದಮೊದಲು ಅವಳು ಕಟ್ಟಿದ್ದೆಲ್ಲ ಬೀಗರ ಪದ. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು, ಅವರು ಇವರನ್ನು ಹಾಡಿನಲ್ಲಿ ಜರಿಯುತ್ತಾರೆ. ಬೈಸಿಕೊಂಡವರು ನಗಬೇಕು, ಅದೇ ಕಟ್ಟಳೆ. ಮಿಕ್ಕವರು ಎಲ್ಲ ಮದುವೆಗೂ ಒಂದೇ ಪದ ಹಾಡುತ್ತಿದ್ದರು, ಹೆಸರು ಮಾತ್ರ ಬದಲು. ಅಕ್ಕ ಹಾಗೆ ಮಾಡಲಿಲ್ಲ. ಮದುವೆಗೆ ಹತ್ತು ದಿನ ಮುಂಚೆ ಬಸ್ಸು ಹತ್ತಿ ಬೀಗರ ಊರಿಗೆ ಹೋಗಿ, ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಕೂರುತ್ತಿದ್ದಳು. ಊರಿನ ಎಲ್ಲರೂ ಕ್ಯಾನು ಹಿಡಿದು ಅಲ್ಲಿಗೆ ಬರಲೇಬೇಕಲ್ಲ. ಗಂಡಿನ ಅಪ್ಪ ಹೇಗೆ ನಡೆಯುತ್ತಾನೆ, ಯಾರನ್ನು ಕಂಡರೆ ಟವೆಲ್ಲು ಹೆಗಲಿಂದ ಇಳಿಸುತ್ತಾನೆ, ಗಂಡಿನ ತಾಯಿ ಯಾರ ಜೊತೆ ಮಾತು ಬಿಟ್ಟಿದ್ದಾಳೆ ಎಲ್ಲ ನೋಡಿಕೊಂಡು ಬರುತ್ತಿದ್ದಳು. ಅವಳನ್ನು ಕರೆಸಿದ್ದಾರೆ ಎಂದು ಗೊತ್ತಾದರೆ ಬೀಗರು ಹೆದರುತ್ತಿದ್ದರು. ಹೊಳೆನರಸೀಪುರದಲ್ಲಿ ಒಬ್ಬ ಯಜಮಾನ ಮದುವೆ ಮುಗಿಯುವ ತನಕ ಕುಂಟುವ ಕಾಲನ್ನು ಚಪ್ಪರದ ಕಂಬಕ್ಕೆ ಮರೆಮಾಡಿಕೊಂಡೇ ಕೂತಿದ್ದ. ಅಕ್ಕ ಕಾಲಿನ ಸುದ್ದಿಗೇ ಹೋಗದೆ ಆ ಕಂಬದ ಮೇಲೆ ಪದ ಹೇಳಿದಳು.

ಮದುವೆಯಲ್ಲಿ ಹೇಳಿ ಬಂದ ಮೇಲೆ ಪದವನ್ನು ಬರೆಸುತ್ತಿದ್ದಳು. ಬರೆಯುವಾಗ ನನ್ನ ಗತಿ ಹೇಳುವಂತಿಲ್ಲ. ಅವಳು ಒಂದು ಸಲ ಹೇಳಿದ್ದನ್ನು ಮತ್ತೆ ಹೇಳುತ್ತಿರಲಿಲ್ಲ. ಎರಡನೇ ಸಲ ಹೇಳಿದರೆ ಬಾಯಿ ತಾನಾಗಿ ಪದ ಬದಲಾಯಿಸುತ್ತದೆ ಎನ್ನುತ್ತಿದ್ದಳು. ನನಗೆ ಒತ್ತಕ್ಷರ ಬರುವಷ್ಟರಲ್ಲಿ ಅವಳು ಎರಡು ಸಾಲು ಮುಂದಿರುತ್ತಿದ್ದಳು. ಇನ್ನೊಂದು ಸಲ ಹೇಳಕ್ಕ ಎಂದರೆ, "ನಾಕ್ನೇ ಕ್ಲಾಸ್ಗೇ ಮೇಷ್ಟ್ರು ಒದ್ದು ಓಡ್ಸಿದ್ದು ಸುಮ್ಕೇನಾ ನಿನ್ನ" ಎನ್ನುವಳು. ಆದರೂ ಎರಡು ಪುಸ್ತಕ ತುಂಬಿಸಿದೆ. ತಪ್ಪೋ ಒಪ್ಪೋ, ಅವಳು ಹೇಳಿದ್ದನ್ನೇ ಬರೆದೆ.

ಆಮೇಲೆ ನನ್ನ ಮದುವೆಯಾಯಿತು. ಹೆಣ್ಣು ಹರದನಹಳ್ಳಿಯ ಕಡೆಯದು. ಅವರ ಕಡೆ ಪದ ಹೇಳುವ ಹೆಂಗಸಿಗೆ ಗಂಟಲು ಕಟ್ಟಿತ್ತು. ಅವರು ಅಕ್ಕನನ್ನು ಬೇಡಿಕೊಂಡರು. ಅಕ್ಕ ಎದ್ದು, ನಮ್ಮ ಚಾಪೆ ಬಿಟ್ಟು, ಅವರ ಚಾಪೆಯ ಮೇಲೆ ಹೋಗಿ ಕೂತಳು. ಅವರಿಗಾಗಿ ನನ್ನ ಮೇಲೆ ಪದ ಹೇಳಿದಳು. ಅಲ್ಲೇ ಹುಟ್ಟಿದ ಪದವಲ್ಲ ಅದು. ನುಣುಪಾಗಿತ್ತು. ಹನ್ನೆರಡು ಬಾಯಿಗಳಲ್ಲಿ ಓಡಾಡಿ ಬಂದಿತ್ತು. ಬ್ಯಾರನ್ನಿನ ಹೆಂಗಸರಿಗೆಲ್ಲ ಗೊತ್ತಿತ್ತು, ನನಗೊಬ್ಬನಿಗೆ ಗೊತ್ತಿರಲಿಲ್ಲ.

ನಾಕಕ್ಷರ ಕಲ್ತವ್ನೆ ನಮ್ಮನೆ ಮದವಣಿಗ
ಬರದಿದ್ದೆಲ್ಲ ಏಡಿ ನಡದಂಗೆ
ಏಡಿ ಹಿಂದೆ ನಡದೋರ್ಗೆ ಹೊಳೆಯಾದ್ರೂ ಸಿಕ್ಕೀತು
ಇವ್ನ ಹಿಂದೆ ನಡದೋಳ್ಗೆ ಏನು ಸಿಕ್ಕೀತು

ಚಪ್ಪರ ಬಿದ್ದುಹೋಗುವ ಹಾಗೆ ನಕ್ಕರು. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ, ಒಂದು ಗಂಟೆಯ ಹಿಂದೆ ತಾಳಿ ಕಟ್ಟಿಸಿಕೊಂಡವಳು, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಕಟ್ಟಳೆಯಂತೆ ನಾನೂ ನಗಬೇಕಿತ್ತು. ನಕ್ಕೆ. ಅವಳಿಗಾಗಿ ಕೈ ನೋಯುವ ತನಕ ಬರೆದ ಅಕ್ಷರಗಳನ್ನೇ ಏಡಿ ಎಂದಳಲ್ಲ ಎಂದು ಒಳಗೆ ಉರಿಯಿತು. ಆಮೇಲೆ ಕೇಳಿದ್ದಕ್ಕೆ, ಪದಕ್ಕೆ ತಮ್ಮ ಅಣ್ಣ ಇಲ್ಲ ಎಂದಳು. ಅದನ್ನು ಬರೆದುಕೋ ಎಂದು ಮಾತ್ರ ಹೇಳಲಿಲ್ಲ. ಅವಳು ನನ್ನ ಕೈಯಲ್ಲಿ ಬರೆಸದ ಪದ ಅದೊಂದೇ.

ಮದುವೆಯಾದ ತಿಂಗಳಿಗೆ ಮೂರನೇ ಪುಸ್ತಕ ಶುರುವಾಯಿತು. ಅಕ್ಕ ಹೇಳುತ್ತಾ ಹೋದಳು. ನಾಲ್ಕು ಸಾಲು ಬರೆದೆ. ಐದನೆಯದು ತಪ್ಪಿತು. ಕೇಳಿದರೆ ಬೈಯುತ್ತಾಳೆ. ಕೈ ನಿಲ್ಲಿಸಿದರೆ ಗೊತ್ತಾಗುತ್ತದೆ. ಬೆಳಿಗ್ಗೆಯಿಂದ ಸ್ಟ್ಯಾಂಡಿನಲ್ಲಿ ಕೂಗಿದ್ದು ಬಾಯಲ್ಲೇ ಇತ್ತು, ಅದನ್ನೇ ಬರೆದೆ. ಅರಕಲಗೂಡು. ಮುಂದಿನ ಸಾಲಿಗೆ ಹೊಳೆನರಸೀಪುರ. ಅದರ ಮುಂದಕ್ಕೆ ಚನ್ನರಾಯಪಟ್ಟಣ. ಅವಳು ನಿಲ್ಲಿಸಿದಾಗ ನಾನೂ ನಿಲ್ಲಿಸಿದೆ. ಪುಸ್ತಕ ಕಿತ್ತುಕೊಂಡಳು, ಹೆಬ್ಬೆರಳು ಊರಿ ಇಳಿದಳು. ಲೆಕ್ಕ ಸರಿಹೋಯಿತು. ಮರತೆ ಕಣ್ಲಾ ಎಂದಳು.

ಆಗ ನನಗೆ ಆದದ್ದು ಹೆದರಿಕೆಯಲ್ಲ, ಸಂತೋಷ. ಅದನ್ನು ಮುಚ್ಚಿಡುವುದಿಲ್ಲ. ಎಲ್ಲರನ್ನೂ ಜರಿಯುವವಳನ್ನು ನಾನು ಒಬ್ಬನೇ, ಯಾರಿಗೂ ಕೇಳದ ಹಾಗೆ ಜರಿದೆ ಅನ್ನಿಸಿತು. ಇನ್ನೊಂದು ದಿನ ಸರಿಯಾಗಿ ಬರೆದರಾಯಿತು ಎಂದುಕೊಂಡೆ. ಆ ಇನ್ನೊಂದು ದಿನ ಬರಲಿಲ್ಲ. ಊರುಗಳು ಮುಗಿದರೆ ಸ್ಟ್ಯಾಂಡಿನ ಮಾತು ಬರೆಯುತ್ತಿದ್ದೆ. ಮುಂದೆ ಹೋಗಿ. ಚಿಲ್ಲರೆ ಕೊಡಿ. ರೈಟ್ ರೈಟ್. ಸಾಲಿನ ಲೆಕ್ಕ ಒಂದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ.

ಇದರ ನಡುವೆಯೇ ಅವಳ ಪದ ಬದಲಾಯಿತು. ಚನ್ನರಾಯಪಟ್ಟಣದ ಒಂದು ಮದುವೆಗೆ ಪದ ಕಟ್ಟಲು ಎಂದಿನಂತೆ ಡೈರಿಯ ಮುಂದೆ ಕೂತು ಬಂದಿದ್ದಳು. ಗಂಡಿನ ಅಪ್ಪ ಹಾಲು ಸುರಿದ ಮೇಲೆ ಕ್ಯಾನಿನ ತಳಕ್ಕೆ ಮೂರು ಸಲ ಬಡಿಯುತ್ತಿದ್ದನಂತೆ, ಕೊನೆಯ ತೊಟ್ಟೂ ಬೀಳಲಿ ಎಂದು. ಅವನ ಜಿಪುಣತನದ ಮೇಲೆ ಪದ ಕಟ್ಟಿದಳು. ಕ್ಯಾನಿನ ಬೆನ್ನಿಗೆ ಮೂರು ಏಟು, ಮನೆಯೋಳ ಬೆನ್ನಿಗೆ ಎಷ್ಟು ಎಂದು ಒಂದು ಸಾಲು ಅದರಲ್ಲಿತ್ತು. ಅದನ್ನು ಹೇಳಿದಾಗ ಚಪ್ಪರದಲ್ಲಿ ಯಾರೂ ನಗಲಿಲ್ಲ. ಗಂಡಿನ ತಾಯಿ ಮುಖ ಮುಚ್ಚಿಕೊಂಡು ಅತ್ತಳು. ಊರಿಗೆಲ್ಲ ಗೊತ್ತಿದ್ದದ್ದು ಅಕ್ಕನಿಗೆ ಗೊತ್ತಿರಲಿಲ್ಲ.

ಮನೆಗೆ ಬಂದವಳು ಊಟ ಬಿಟ್ಟಳು. ಆ ಹೆಂಗಸಿನ ಮೇಲೆ ಕನಿಕರ ಎಂದುಕೊಂಡೆ. ಅವಳು ಹೇಳಿದ್ದು ಬೇರೆ. ನಗಬೇಕಾದ ಕಡೆ ಅತ್ತರೆ ಪದ ಸೋತಂತೆ, ಎಲ್ಲಿ ಸೋತಿತು ಎಂದು ನೋಡಬೇಕು ಎಂದಳು. ಮದುವೆ ಮುಗಿದು ಹೋಗಿತ್ತು. ಆ ಪದ ಇನ್ನು ಯಾರಿಗೂ ಬೇಕಿರಲಿಲ್ಲ. ಆದರೂ ಸರಿಹೋಗುವ ತನಕ ಮರೆಯದೆ ಮೂರು ವಾರ ಅದನ್ನೇ ಒಡೆದು ಕಟ್ಟಿದಳು, ಮೂರು ಸಲ ನನ್ನ ಕೈಯಲ್ಲಿ ಬರೆಸಿದಳು. ಮೂರು ಸಲವೂ ನಾನು ಬರೆದದ್ದು ಹಾಸನದ ಬಸ್ಸು ಹೋಗುವ ದಾರಿ.

ಆಮೇಲೆ ಅವಳು ಬೀಗರ ಪದ ಕಡಿಮೆ ಮಾಡಿ ಹೆಣ್ಣು ಒಪ್ಪಿಸುವ ಪದ ಕಟ್ಟತೊಡಗಿದಳು. ತೌರಿನಿಂದ ಹೆಣ್ಣನ್ನು ಕಳಿಸುವ ಹೊತ್ತಿನಲ್ಲಿ ಹೇಳುವಂಥವು. ಅದಕ್ಕೂ ಡೈರಿ ಸಾಲದೆಂದು, ಹೆಣ್ಣಿನ ಮನೆಗೇ ಹೋಗಿ ಒಂದು ದಿನ ಅವಳ ಜೊತೆ ಪಾತ್ರೆ ಬೆಳಗಿ, ಕೊಟ್ಟಿಗೆ ಬಾಚಿ ಬರುತ್ತಿದ್ದಳು. ಆ ಹುಡುಗಿ ಯಾವ ಹಸುವಿಗೆ ಏನು ಹೆಸರಿಟ್ಟಿದ್ದಾಳೆ, ಅಪ್ಪನ ಲುಂಗಿಗೆ ಎಲ್ಲಿ ಹೊಲಿಗೆ ಹಾಕಿದ್ದಾಳೆ ಎಂಬುದೆಲ್ಲ ಪದದಲ್ಲಿ ಬರುತ್ತಿತ್ತಂತೆ. ಬರುತ್ತಿತ್ತಂತೆ ಎಂದು ಬರೆಯಬೇಕಾಗಿದೆ. ಅವಳು ನನ್ನೆದುರೇ ಕೂತು ಹೇಳಿದಳು. ನನ್ನ ಕಿವಿ ಸಾಲು ಎಣಿಸುತ್ತಿತ್ತೇ ಹೊರತು ಪದ ಕೇಳುತ್ತಿರಲಿಲ್ಲ. ಬೀಗರ ಪದ ಉಪ್ಪು, ಇದು ಅನ್ನ ಎಂದು ಒಂದು ಸಲ ಹೇಳಿದ್ದು ನೆನಪಿದೆ.

ಹೋದ ವರ್ಷ ಹೊಗೆಸೊಪ್ಪಿನ ಕಾಲದಲ್ಲಿ, ಬ್ಯಾರನ್ನಿನಲ್ಲಿ ಕೂತ ಹಾಗೆಯೇ ಪಕ್ಕಕ್ಕೆ ವಾಲಿದಳು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ನಾವು ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು. ಬಾಯಿಂದ ಮಾತ್ರ ಏನೂ ಬರುತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಹಾಸನದ ಮೇಡಂ ಹುಡುಕಿಕೊಂಡು ಬಂದರು. ಅಕ್ಕನ ಪದಗಳ ಸುದ್ದಿ ಕೇಳಿದ್ದರಂತೆ. ಮಾತು ಹೋಗಿರುವುದನ್ನು ನೋಡಿ ತಡವಾಗಿ ಬಂದೆ ಎಂದು ಪೇಚಾಡಿದರು. ಮಂಚದ ಮೇಲಿದ್ದ ಅಕ್ಕನ ಮುಖ ಅರ್ಧ ಅರಳಿತು. ಎಡಗೈ ಎತ್ತಿ ನನಗೆ ಪೆಟ್ಟಿಗೆ ತೋರಿಸಿದಳು. ನಾನು ಅಲ್ಲಾಡಲಿಲ್ಲ. ಮತ್ತೆ ತೋರಿಸಿದಳು. ನನ್ನ ಹೆಂಡತಿಗೆ ಓದು ಬರುವುದಿಲ್ಲ. ಅವಳು ಒಳಗಿನಿಂದ ಬಂದು, ಯಾಕ್ ನಿಂತ್ಕಂಡ್ರಿ, ಮೇಡಂಗೆ ಕೊಡಿ ಎಂದು ತಾನೇ ಪೆಟ್ಟಿಗೆ ಎಳೆದು ತಂದಳು.

ಮೇಡಂ ಕೈಗೆ ಸಿಕ್ಕ ಪುಸ್ತಕ ತೆಗೆದರು. ಅದು ಏಳನೆಯದು. ಸಾಲುಗಳ ಪಕ್ಕದ ಕಂದು ಗುರುತುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಅಕ್ಕನಿಗೂ ಕೇಳಲಿ ಎಂದು ಗಟ್ಟಿಯಾಗಿ ಓದಿದರು. ಅರಕಲಗೂಡು. ಹೊಳೆನರಸೀಪುರ. ಹರದನಹಳ್ಳಿ. ಊರುಗಳನ್ನು ಹೊಗಳುವ ಪದವೇ ಎಂದು ನನ್ನ ಮುಖ ನೋಡಿದರು. ಹಾಳೆ ತಿರುಗಿಸಿದರು. ಮುಂದೆ ಹೋಗಿ ಎಂದು ಓದಿದರು. ಚಿಲ್ಲರೆ ಕೊಡಿ ಎಂದು ಓದಿದರು. ರೈಟ್ ಎಂಬಲ್ಲಿಗೆ ಅವರ ದನಿ ಸಣ್ಣಗಾಗಿ ನಿಂತುಹೋಯಿತು. ಇನ್ನೊಂದು ಪುಸ್ತಕ ತೆಗೆದರು, ಇನ್ನೊಂದು ತೆಗೆದರು.

ಅಕ್ಕ ಎಡಗೈ ಚಾಚಿದಳು. ಮೇಡಂ ಪುಸ್ತಕ ಕೊಟ್ಟರು. ಅದನ್ನು ಎದೆಯ ಮೇಲಿಟ್ಟುಕೊಂಡು, ಎಡಗೈಯ ಹೆಬ್ಬೆರಳು ಊರಿ, ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ಇಳಿದಳು. ಲೆಕ್ಕ ಸರಿಯಾಗೇ ಇತ್ತು. ಆಮೇಲೆ ನನ್ನನ್ನು ನೋಡಿದಳು. ಬಾಯಿ ಒಂದು ಕಡೆ ಎಳೆಯಿತು. ಎರಡು ತಿಂಗಳಿಂದ ಒಂದು ಅಕ್ಷರ ಆಡದವಳು ಪದ ಹೇಳಿದಳು. ನಾಕಕ್ಷರ ಕಲ್ತವ್ನೆ ನಮ್ಮನೆ ಮದವಣಿಗ. ನಾಲಗೆ ತೊದಲುತ್ತಿತ್ತು, ರಾಗ ತಪ್ಪಲಿಲ್ಲ. ನಾಲ್ಕೂ ಸಾಲು ಹೇಳಿದಳು. ಮಾತು ಹೋದವರಿಗೂ ಹಾಡು ಉಳಿಯುವುದುಂಟು ಎಂದು ಮೇಡಂ ಆಮೇಲೆ ವಿವರಿಸಿದರು. ಅವರು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರು, ಬೇರೆ ಪದ ಹೇಳಿ ಎಂದು ಕೇಳಿದರು. ಬೇರೆ ಪದ ಅವಳ ಹತ್ತಿರ ಎಲ್ಲಿತ್ತು? ಬರೆಸಿದ್ದನ್ನೆಲ್ಲ ಮರೆತಿದ್ದಳು. ಬರೆಸದೆ ಉಳಿದದ್ದು ಇದೊಂದೇ.

ಸ್ಟ್ಯಾಂಡಿನ ಕೆಲಸ ಬಿಟ್ಟು, ಅವಳು ಪದ ಹೇಳಿದ ಮನೆಗಳನ್ನು ಹುಡುಕಿಕೊಂಡು ಎರಡು ತಿಂಗಳು ತಿರುಗಿದೆ. ಬ್ಯಾರನ್ನಿನ ಹೆಂಗಸರಲ್ಲಿ ಅರ್ಧ ಜನ ಸತ್ತಿದ್ದಾರೆ, ಉಳಿದವರು ನೂರು ಪದಗಳನ್ನು ಒಂದಕ್ಕೊಂದು ಬೆರೆಸುತ್ತಾರೆ. ಹೊಳೆನರಸೀಪುರದ ಯಜಮಾನನ ಮಗ ಕಂಬದ ಪದದ ಎರಡು ಸಾಲು ಕೊಟ್ಟ. ಜರಿಸಿಕೊಂಡವರಿಗೆ ನೆನಪಿದೆ, ತಮ್ಮನ್ನು ಚುಚ್ಚಿದ ಸಾಲು ಮಾತ್ರ. ಹೆಣ್ಣು ಒಪ್ಪಿಸುವ ಪದ ಯಾರಿಗೂ ನೆನಪಿಲ್ಲ. ಅವುಗಳನ್ನು ಹೇಳುವಾಗ ಎಲ್ಲರೂ ಅಳುತ್ತಿದ್ದರು, ಅಳುವವರಿಗೆ ಕೇಳಿಸುವುದಿಲ್ಲ. ಚನ್ನರಾಯಪಟ್ಟಣದ ಆ ತಾಯಿ ಈಗ ಮುದುಕಿ. ನಾನು ಯಾರೆಂದು ಹೇಳುತ್ತಲೇ ಕ್ಯಾನಿನ ಸಾಲನ್ನು ತಾನಾಗಿ ಹೇಳಿದಳು.

"ಅವತ್ತು ಮನೆಗೆ ಬಂದ್ಮೇಲೆ ಇನ್ನೂ ಮೂರು ಬಿದ್ದೋ ಕಣಪ್ಪ. ಆದ್ರೂ ಪದ ಚೆಂದಾಗಿತ್ತು."

ತಂದ ಸಾಲುಗಳನ್ನು ಅಕ್ಕನಿಗೆ ಓದಿ ಹೇಳಲು ಹೋದೆ. ಅವಳು ಎಡಗೈಯಿಂದ ಒಂದು ಕಿವಿ ಮುಚ್ಚಿಕೊಂಡಳು. ಇನ್ನೊಂದನ್ನು ಮುಚ್ಚಲು ಕೈ ಇರಲಿಲ್ಲ, ಅದನ್ನು ದಿಂಬಿಗೆ ಒತ್ತಿಕೊಂಡಳು. ಹೀಗಾಗಿ ಅಚ್ಚಾಗುತ್ತಿರುವ ಪುಸ್ತಕದಲ್ಲಿ ಬೀಗರ ಪದಗಳಷ್ಟೇ ಇವೆ. ಓದಿದವರು ಎಂಥ ಕೆಟ್ಟ ಬಾಯಿಯ ಹೆಂಗಸು ಎನ್ನಬಹುದು. ಆ ಹೆಸರು ನಾನು ಕೊಡಿಸಿದ್ದು.

ದಿನವೂ ನಾನು ಗಂಜಿ ಕುಡಿಸಲು ಹೋದಾಗ ಆ ನಾಲ್ಕು ಸಾಲು ಹೇಳುತ್ತಿದ್ದಳು. ನೆರೆಯ ಹೆಂಗಸರು ಬಾಗಿಲಲ್ಲಿ ನಿಂತು ನಗುತ್ತಿದ್ದರು. ಮೊದಲು ನನಗೆ ಅದು ಶಿಕ್ಷೆ ಎಂದು ಕಾಣುತ್ತಿತ್ತು. ಎಷ್ಟೋ ದಿನದ ಮೇಲೆ ಗಮನಿಸಿದೆ, ನಾಲ್ಕನೇ ಸಾಲಿಗೆ ಬಂದಾಗ ನಿಲ್ಲುತ್ತಿದ್ದಳು. ಬಾಯೊಳಗೆ ಏನನ್ನೋ ಹೊರಳಿಸುತ್ತಿದ್ದಳು. ಬೇಡವೆಂದು ತಲೆಯಾಡಿಸಿ ಮತ್ತೆ ಮೊದಲಿಂದ ಹೇಳುತ್ತಿದ್ದಳು. ಶಿಕ್ಷೆಯ ಯೋಚನೆಯೇ ಅವಳಿಗೆ ಇರಲಿಲ್ಲ. ಅವಳು ಪದ ತಿದ್ದುತ್ತಿದ್ದಳು.

ಒಂದು ಬೆಳಿಗ್ಗೆ ಸಿಕ್ಕಿತು. ಮೂರು ಸಾಲು ಹಾಗೇ ಹೇಳಿ, ನಾಲ್ಕನೆಯದಕ್ಕೆ, "ಇವ್ನ ನಂಬಿ ನಿಂತೋಳ್ಗೆ ಬಸ್ಸೂ ಸಿಗ್ನಿಲ್ಲ" ಎಂದಳು. ಇನ್ನೊಂದು ಸಲ ಹೇಳಿದಳು. ಮೂರನೇ ಸಲ ಹೇಳಿ ನನ್ನ ಬಾಯಿ ನೋಡಿದಳು. ನಾನು ತಿರುಗಿ ಹೇಳಿದೆ. ಎಡವಲಿಲ್ಲ. ಆಗ ಎಡಗೈಯ ಬೆರಳುಗಳನ್ನು ಕೂಡಿಸಿ, ಗಾಳಿಯಲ್ಲಿ ಬರೆಯುವಂತೆ ಆಡಿಸಿದಳು.

ಹನ್ನೊಂದನೇ ಪುಸ್ತಕದಲ್ಲಿ ಕೊನೆಯ ಹಾಳೆ ಖಾಲಿ ಇತ್ತು. ಒಂದೊಂದು ಅಕ್ಷರವನ್ನೂ ಒತ್ತಿ ಬರೆದೆ. ಅವಳು ಕಿತ್ತುಕೊಳ್ಳಲಿಲ್ಲ, ನಾನೇ ಮುಂದೆ ಹಿಡಿದೆ. ಹೆಬ್ಬೆರಳು ಊರಿ ಎಣಿಸಿದಳು. ನಾಲ್ಕು. ಬ್ಯಾರನ್ನಿನ ಕೆಲಸ ಬಿಟ್ಟು ಅಷ್ಟು ದಿನವಾಗಿ ಅಂಟೆಲ್ಲ ಹೋಗಿ ಬೆರಳು ಬೆಳ್ಳಗಾಗಿತ್ತು, ಹಾಳೆಯ ಮೇಲೆ ಗುರುತು ಬೀಳಲಿಲ್ಲ.

ಮಾರನೆಯ ದಿನ ಗಂಜಿ ಕುಡಿಸಲು ಹೋದಾಗ ಸುಮ್ಮನಿದ್ದಳು. ಅದರ ಮಾರನೆಯ ದಿನವೂ ಸುಮ್ಮನಿದ್ದಳು. ಸಾಯುವ ತನಕ, ಹದಿನಾರು ದಿನ, ಅವಳ ಬಾಯಿಂದ ಇನ್ನೇನೂ ಬರಲಿಲ್ಲ. ಒಂದು ದಿನ ನಾನೇ ತಡೆಯಲಾರದೆ ಕೇಳಿದೆ, ಅಕ್ಕ, ನನ್ನ ಪದ ಒಂದು ಸಲ ಹೇಳು ಎಂದು. ಏನು ಕೇಳುತ್ತಿದ್ದೇನೆಂದು ತಿಳಿಯದವಳ ಹಾಗೆ ನನ್ನ ಮುಖ ನೋಡಿದಳು. ಆಮೇಲೆ ಎಡಗೈ ಎತ್ತಿ ಪುಸ್ತಕದ ಕಡೆಗೆ ತೋರಿಸಿದಳು.